ಮಡಚದ ಸಾಲು

“ವೆಬ್‌ಸೈಟಿನಲ್ಲಿ ಜೋನನ ಹೆಸರು ಹಾಕದ್ದು ಒಳ್ಳೆಯದಾಯ್ತು,” ಎಂದು ಜೆರೋಮ್ ಮಾಮ ಇರ್ವಿನ್‌ನ ಬೆನ್ನು ತಟ್ಟಿದರು. “ಜನ ಎಂತ ಹೇಳಿಯಾರು ಅಂತ ನನಗೆ ಅದೇ ಹೆದರಿಕೆ ಇತ್ತು.”

ಇರ್ವಿನ್‌ಗೆ ತಲೆಬುಡ ತಿಳಿಯಲಿಲ್ಲ. ತಾಯಿ ಗೆರ್ಟ್ರೂಡ್‌ರ ಮರಣ ವಾರ್ತೆಯನ್ನು ಬೆಳಿಗ್ಗೆ ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಊರಿನ ಸುದ್ದಿಯ ವೆಬ್‌ಸೈಟಿಗೆ ಕಳಿಸಿದವನು ಅವನೇ. ಮಕ್ಕಳು ಸೊಸೆಯಂದಿರನ್ನು ಜೋಡಿ ಜೋಡಿಯಾಗಿ ಒಂದೇ ಸಾಲಿನಲ್ಲಿ ಬರೆಯುವುದು ವಾಡಿಕೆ: ಇರ್ವಿನ್/ಎಲೇನ್, ಶೆರ್ವಿನ್/ಶರೊನ್, ಜೋನ್/ನಾಝಿಮಾ. ಸತ್ತವರಿಗಾಗಿ ಪ್ರಾರ್ಥಿಸುವ ಮೊದಲು ಈ ಸಾಲನ್ನು ಓದುವವರೇ ಹೆಚ್ಚು. ನಾಝಿಮಾಳನ್ನು ಮದುವೆಯಾದ ಮೇಲೆ ಜೋನ್ ಈ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಹತ್ತಬೇಡ ಎಂದವನೂ ಇರ್ವಿನ್‌ನೇ. ಈಗ ತಮ್ಮನಿಗೆ ಫೋನ್ ಮಾಡಲು ಮುಖವಿಲ್ಲ. ಹೆಸರು ನೋಡಿಯಾದರೂ ಬಂದಾನು ಎಂದೇ ಬರೆದಿದ್ದ.

ಮೊಬೈಲಿನಲ್ಲಿ ತೆರೆದು ನೋಡಿದ. ಸಾಲು ಶರೊನ್‌ಳ ಹೆಸರಿಗೇ ಮುಗಿದಿತ್ತು. ವೆಬ್‌ಸೈಟ್ ನಡೆಸುವ ದೀಪೇಶನಿಗೆ ಫೋನ್ ಮಾಡಿ ಹರಿಹಾಯ್ದ.

“ನಾನು ಎಂತದ್ದೂ ತೆಗೀಲಿಲ್ಲ ಇರ್ವಿನಣ್ಣ. ನೀವು ಟೈಪ್ ಮಾಡಿದ ಹಾಗೇ ಇರ್ಲಿ ಅಂತ ಪ್ರಿ ಟ್ಯಾಗ್ ಅಂತ ಒಂದು ಕೋಡಿನ ಒಳಗೆ ಹಾಕಿದ್ದು. ಅದ್ರಲ್ಲಿ ಸಾಲು ತನ್ನಷ್ಟಕ್ಕೆ ಮಡಚುದಿಲ್ಲ. ಮೊಬೈಲಿನ ಅಗಲ ಮುಗಿದ್ರೂ ಮುಂದೆ ಹೋಗ್ತಾ ಇರ್ತದೆ. ಬೆರಳಲ್ಲಿ ಎಳೆದ್ರೆ ಅಲ್ಲೇ ಉಂಟು.”

“ಯಾರು ಎಳೆದು ನೋಡ್ತಾರೆ ಮಾರಾಯ? ಮೊದಲು ಸರಿ ಮಾಡು!”

“ಒಂದೇ ನಿಮಿಷ. ಅಗಲಕ್ಕೊಂದು ಮಿತಿ ಹಾಕಿ ಮಡಚಲಿಕ್ಕೆ ಹೇಳಿದ್ರೆ ಆಯ್ತು.”

ಪುಟವನ್ನು ಮತ್ತೆ ತೆರೆದಾಗ ಜೋನ್/ನಾಝಿಮಾ ಕೆಳಗಿನ ಸಾಲಿಗೆ ಇಳಿದು ಬಂದಿದ್ದರು. ಅಂಗಳದಲ್ಲಿ ಶವಪೆಟ್ಟಿಗೆಯನ್ನು ಚರ್ಚಿಗೆ ಒಯ್ಯಲು ವ್ಯಾನಿಗೆ ಏರಿಸುತ್ತಿದ್ದರು. ಇನ್ನು ಬಿಗುಮಾನ ಹಿಡಿದು ಕೂತರೆ ಆಗದೆಂದು ಇರ್ವಿನ್ ತಮ್ಮನ ನಂಬರ್ ಒತ್ತಿದ.

“ಜೋನ್, ಮಮ್ಮಿಯನ್ನು ಇಗರ್ಜಿಗೆ ಕರ್ಕೊಂಡು ಹೋಗ್ತಾ ಇದ್ದೇವೆ. ಬಾ ಮಾರಾಯ, ಇಬ್ಬರೂ ಬನ್ನಿ. ವಾರ್ತೆ ನೋಡಿದ್ಯಲ್ಲ? ನಿಮ್ಮ ಹೆಸರು ಹಾಕಿದ್ದೆ, ದೇವರಾಣೆ. ಬೆಳಿಗ್ಗೆಯಿಂದಲೂ ಇತ್ತು. ಸ್ವಲ್ಪ ಎಳೆದಿದ್ರೆ ಕಾಣ್ತಿತ್ತು.”

ಆ ಕಡೆಯಿಂದ ಪಂಪ್‌ವೆಲ್ ಸರ್ಕಲ್ಲಿನ ಬಸ್ಸುಗಳ ಹಾರ್ನ್ ನಡುವೆ ಜೋನನ ದನಿ ಕೇಳಿಸಿತು.

“ನೋಡಿದೆ,” ಎಂದ. “ಶರೊನ್‌ಳ ಹೆಸರಿಗೆ ನಿಂತಿತ್ತು. ಅದರಿಂದ ಮುಂದೆ ಎಂತದಾದ್ರೂ ಇರ್ಬಹುದು ಅಂತ ನನಗೆ ಅನ್ನಿಸ್ಲೇ ಇಲ್ಲ.”