ಬನ್ನಿ ಹಬ್ಬದ ಆಯಿಲ್

ಬೋಲ್ಟು ಬಿಚ್ಚಿದರೂ ಆಯಿಲ್ ಇಳಿಯಲಿಲ್ಲ. ಕಾರಿನಡಿ ಅಂಗಾತ ಮಲಗಿದ್ದ ಮೇಸ್ತ್ರಿ ಅಬ್ದುಲಸಾಬ ತಂತಿ ತೂರಿಸಿ ಎರಡು ಸಲ ಕೆದಕಿದ ಮೇಲೆ ಹಳೆಯ ಹುಣಸೆಹಣ್ಣಿನಂಥ ಕರಿ ಮುದ್ದೆಯೊಂದು ಟ್ರೇಗೆ ಬಿತ್ತು. ಇಂಜಿನ್ ಜಾಮ್ ಆಗಿ ಕೊಪ್ಪಳದ ರಸ್ತೆಯಲ್ಲಿ ನಿಂತುಬಿಟ್ಟ ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ, ಭಾಗ್ಯನಗರದ ಈ ಗ್ಯಾರೇಜಿಗೆ ಎಳೆದು ತಂದು ಇನ್ನೂ ಅರ್ಧ ಗಂಟೆಯಾಗಿರಲಿಲ್ಲ. ಡ್ರೈವರ್ ಪಕ್ಕೀರಪ್ಪ ಬಗ್ಗಿ ಟ್ರೇ ನೋಡಿದ. ಹನ್ನೊಂದು ವರ್ಷ ಅವನು ಓಡಿಸಿದ ಗಾಡಿ ಅದು.

ಮಾಲೀಕ ಕೊಟ್ರಬಸಪ್ಪ, ಶ್ರೀರಾಮನಗರದ ರೈಸ್‌ಮಿಲ್ಲಿನ ಸಾಹುಕಾರ, ಟ್ರೇ ಕಡೆಗೊಮ್ಮೆ ನೋಡಿ ರಸ್ತೆಯ ಕಡೆಗೊಮ್ಮೆ ನೋಡಿದ. ಎದುರಿನ ಚಹಾದಂಗಡಿಯಲ್ಲಿ ಗಂಗಾವತಿ ಸ್ಟ್ಯಾಂಡಿನ ನಾಲ್ಕೈದು ಡ್ರೈವರುಗಳು ಕಪ್ಪು ಹಿಡಿದುಕೊಂಡು ಇತ್ತಲೇ ಕತ್ತು ಚಾಚಿದ್ದರು. ಇಷ್ಟು ದೊಡ್ಡ ಸಾಹುಕಾರನ ಕಾರು ಆಯಿಲ್ ಇಲ್ಲದೆ ಸತ್ತಿತೆಂದರೆ ಮರ್ಯಾದೆ ಎಲ್ಲಿ ಉಳಿಯಬೇಕು? ಅವನ ದನಿ ತಾನಾಗಿ ಮೇಲೇರಿತು.

"ಆಷಾಢದಾಗ ಆಯಿಲ್ ಬದಲಿ ಮಾಡಿಸ್ಕೊಂಡು ಬಾ ಅಂತ ಕಳಿಸಿದ್ನಲ್ಲಲೇ? ಹಾಕಿಸ್ದಂಗ ಮಾಡಿ ಎಲ್ಲಿ ಮಾರ್ಕೊಂಡಿ? ಕಳ್ಳ ಅದಿ ನೀ, ಕಳ್ಳ."

ತನಗೇ ಅಂದದ್ದೆಂದು ತಿಳಿಯಲು ಪಕ್ಕೀರಪ್ಪನಿಗೆ ಒಂದು ಗಳಿಗೆ ಬೇಕಾಯಿತು. ಆ ಮನೆಯಲ್ಲಿ ಗಾಡಿಯ ಆಯಿಲ್ ಬದಲಾಗುವುದು ವರ್ಷಕ್ಕೊಂದೇ ಸಲ, ಬನ್ನಿ ಹಬ್ಬದ ಆಯುಧಪೂಜೆಗೆ. ಕುಂಬಳಕಾಯಿ ಒಡೆದು, ಚೆಂಡುಹೂವಿನ ಮಾಲೆ ಹಾಕಿ, ಆಮೇಲೆ ಹೊಸ ಆಯಿಲ್. ವರ್ಷಕ್ಕೆ ಎಂಟು ಸಾವಿರ ಕಿಲೋಮೀಟರ್ ಓಡುತ್ತಿದ್ದ ಕಾಲಕ್ಕೆ ಅದು ನಡೆಯಿತು. ಈ ಜೂನಿನಿಂದ ಸಾಹುಕಾರನ ಮಗಳು ಐಶ್ವರ್ಯ ಕೊಪ್ಪಳದ ಕಾಲೇಜಿಗೆ ಸೇರಿದ್ದಳು. ಬೆಳಿಗ್ಗೆ ಬಿಟ್ಟು ಬರುವುದು, ಸಂಜೆ ಮತ್ತೆ ಹೋಗಿ ಕರೆತರುವುದು, ದಿನಕ್ಕೆ ಹತ್ತಿರಹತ್ತಿರ ಇನ್ನೂರು ಕಿಲೋಮೀಟರ್. ಆಷಾಢದಲ್ಲಿ ಆಯಿಲ್ ಕಡ್ಡಿಯನ್ನು ಎಳೆದು, ತನ್ನ ಟವೆಲಿಗೇ ಒರೆಸಿ, ಆ ಕರಿ ಕಲೆಯನ್ನು ಸಾಹುಕಾರನ ಮುಂದೆ ಹಿಡಿದು ಬದಲಿ ಮಾಡಿಸಬೇಕೆಂದು ಹೇಳಿದವನು ಪಕ್ಕೀರಪ್ಪನೇ. ಹಬ್ಬ ಬರಲಿ ಎಂಬ ಉತ್ತರ ಬಂತು. ಮೂರನೆಯ ಸಲ ಹೇಳಿದಾಗ, ಮಾಲೀಕ ನೀನೋ ನಾನೋ ಎಂದು ಸಾಹುಕಾರ ಗದರಿದ. ಕೊನೆಗೆ ಪಕ್ಕೀರಪ್ಪ ಇದೇ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿ, ಅಬ್ದುಲಸಾಬನ ಕೈಯಿಂದಲೇ ಸಾಹುಕಾರನಿಗೆ ಫೋನು ಮಾಡಿಸಿದ್ದ. ಅಬ್ದುಲಸಾಬನೂ ಬೈಸಿಕೊಂಡಿದ್ದ.

ಈಗ ಪಕ್ಕೀರಪ್ಪನ ಮೈಯೆಲ್ಲ ಧಗಧಗ ಉರಿಯಿತು. ನನ್ನನ್ನು ಯಾರೂ ಎಲ್ಲಿಗೂ ಕಳಿಸಿಲ್ಲ, ಬೇಕಾದರೆ ಮೇಸ್ತ್ರಿಯನ್ನು ಕೇಳಿ ಎಂದ. ಅಬ್ದುಲಸಾಬ ಕೈಯಲ್ಲೇ ಇದ್ದ ಬೋಲ್ಟು ಬಿಚ್ಚುವ ಪಾನವನ್ನು ನೆಲದ ಮೇಲೆ ಹುಡುಕತೊಡಗಿದ. ಮಿಲ್ಲಿನ ಆರೂ ಲಾರಿಗಳು ರಿಪೇರಿಗೆ ಬರುವುದು ಅವನಲ್ಲಿಗೆ. ಅದೆಲ್ಲ ನಿಮ್ಮ ನಿಮ್ಮ ಮಾತು, ನನಗೇನು ಗೊತ್ತು ಎಂದು ಗೊಣಗಿದ. ಸಾಹುಕಾರನ ಬೈಗುಳಕ್ಕಿಂತ ಈ ಗೊಣಗಾಟ ಪಕ್ಕೀರಪ್ಪನನ್ನು ಹೆಚ್ಚು ಸುಟ್ಟಿತು. ಥೂ, ಇವನ ಬಾಯಿಗೆ ಮಣ್ಣು ಹಾಕ ಎಂದುಕೊಂಡ. ಸಂಜೆಯೊಳಗೆ ಕುಷ್ಟಗಿ, ಯಲಬುರ್ಗಾದ ಸ್ಟ್ಯಾಂಡಿನವರೆಗೂ ಸುದ್ದಿ ಮುಟ್ಟುತ್ತದೆ. ಜನ ನಂಬಿ ಹೆಣ್ಣುಮಕ್ಕಳನ್ನು ಕಾರಿನಲ್ಲಿ ಕೂರಿಸಿ ಕಳಿಸುವ ಕೆಲಸ ಇದು. ಕಳ್ಳನೆಂದ ಮೇಲೆ ಅವನ ಕೈಗೆ ಯಾರು ಕೀಲಿ ಕೊಡುತ್ತಾರೆ?

ಸಾಹುಕಾರ ಕೀಲಿ ಕಸಿದುಕೊಂಡು, ನಾಳೆಯಿಂದ ಮನೆಯ ಕಡೆ ಮುಖ ಹಾಕಬೇಡ ಎಂದ. ಪಕ್ಕೀರಪ್ಪ ಬಾಗಿಲು ತೆಗೆದು ಸೀಟಿನ ಹಿಂದಿದ್ದ ತನ್ನ ಟವೆಲು, ನೀರಿನ ಬಾಟಲಿ ಎತ್ತಿಕೊಂಡ.

ಅತ್ತ ರಿಪೇರಿಯ ಮಾತು ನಡೆದಿತ್ತು. ಎಂಟು ದಿನದಲ್ಲಿ ಇಂಜಿನ್ ಕಟ್ಟಿ, ಹೊಸ ಆಯಿಲ್ ಹಾಕಿ ಚಾಲೂ ಮಾಡಿ ಕೊಡುತ್ತೇನೆ, ಇನ್ನು ಮೇಲೆ ಕ್ಯಾಲೆಂಡರ್ ನೋಡಬೇಡಿ, ಮೀಟರ್ ನೋಡಿ, ಈ ಓಡಾಟಕ್ಕೆ ಎರಡು ತಿಂಗಳಿಗೊಮ್ಮೆ ಬದಲಿ ಬೇಕು ಎಂದ ಅಬ್ದುಲಸಾಬ. ಆ ಕ್ಯಾಲೆಂಡರಿನ ಮಾತು ಸಾಹುಕಾರನ ಮನೆತನಕ್ಕೇ ತಾಗಿತು.

"ಅದೆಲ್ಲ ನಮ್ಮಲ್ಲಿ ನಡಿಯಂಗಿಲ್ಲ. ಹಬ್ಬ ಹದಿನೈದು ದಿನ ಐತಿ, ಅಲ್ಲೀತನಕ ಗಾಡಿ ಇಲ್ಲೇ ನಿಂದರ್ಲಿ. ನಮ್ಮಪ್ಪನ ಜೀಪಿನಿಂದ ಹಿಡದು ಇವತ್ತಿನತನಕ, ಬನ್ನಿ ಹಬ್ಬ ಬಿಟ್ಟು ಬ್ಯಾರೆ ದಿನ ಆಯಿಲ್ ಹಾಕ್ಸು ಅಂತ ನಾ ಯಾರಿಗೂ ಹೇಳಿದಾಂವಲ್ಲ."

ಹೆಮ್ಮೆಯಿಂದಲೇ ಹೇಳಿದ. ಹೇಳಿ ಮುಗಿದ ಮೇಲೆ ಮಾತು ಅವನ ಕಿವಿಗೂ ಬಿತ್ತು. ಅಬ್ದುಲಸಾಬ ಅಷ್ಟು ಹೊತ್ತಿಗೆ ಮೊದಲ ಸಲ ತಲೆ ಎತ್ತಿ ಪಕ್ಕೀರಪ್ಪನನ್ನು ನೋಡಿದ. ರಸ್ತೆಯಾಚೆಯ ಚಹಾದಂಗಡಿಯವರೆಗೆ ಈ ಮಾತು ಹೋಗಲಿಲ್ಲ. ಅಲ್ಲಿ ಡ್ರೈವರುಗಳು ಆಗಲೇ ಕಳ್ಳತನದ ಲೆಕ್ಕಾಚಾರದಲ್ಲಿ ಮುಳುಗಿದ್ದರು.

ಸಾಹುಕಾರ ಗಂಟಲು ಸರಿಮಾಡಿಕೊಂಡು ಹತ್ತಿರ ಬಂದ. ಕೀಲಿಯನ್ನು ಪಕ್ಕೀರಪ್ಪನ ಮುಂದೆ ಹಿಡಿದು, ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿದ: "ಆತು ಬಿಡು. ಸಿಟ್ಟಿನ್ಯಾಗ ಅಂದೆ, ನಿಂದೇನೂ ತಪ್ಪಿಲ್ಲ. ಬಾ, ಚಾ ಕುಡಿ."

ಪಕ್ಕೀರಪ್ಪ ಕೀಲಿ ಮುಟ್ಟಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ರಸ್ತೆಯಾಚೆಗೆ ಕೈ ಮಾಡಿದ.

"ಕಳ್ಳ ಅಂದದ್ದು ಅಲ್ಲೀತನಕ ಕೇಳೈತ್ರಿ ಸಾವ್ಕಾರ್ರ. ಇದನ್ನೂ ಅಷ್ಟ ಜೋರಿಲೆ ಹೇಳ್ರಿ."