ನಾಲ್ಕು ಕರೆ

ಶೇಷಾದ್ರಿಗೆ ಟಿಬೆಟನ್ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಲಾಮಾ ಒಬ್ಬರ ಪ್ರವಚನವನ್ನು ಇಂಗ್ಲಿಷಿಗೆ ಅನುವಾದಿಸು ಎಂದ ಮ್ಯಾನೇಜರ್ ಗ್ರೆಗ್‌ನ ಹೆಂಡತಿ ಕ್ಯಾರಲ್‌ಗೆ ಅದನ್ನು ಹೇಳಿಯೂ ನೋಡಿದ. "ಲಾಮಾ ಇಂಡಿಯಾದವರು, ನೀನೂ ಇಂಡಿಯಾದವನು. ಅವರ ಅನುವಾದಕನಿಗೆ ವೀಸಾ ಸಿಗಲಿಲ್ಲ, ನಿನಗೆ ಸಿಕ್ಕಿದೆ," ಎಂದಳು ಆಕೆ. ವಾದ ಗಟ್ಟಿಯಾಗಿತ್ತು. ಶೇಷಾದ್ರಿಯ ಗ್ರೀನ್ ಕಾರ್ಡ್ ಕಾಗದ ಗ್ರೆಗ್‌ನ ಸಹಿಗಾಗಿ ಮೇ ತಿಂಗಳಿಂದ ಕಾದು ಕೂತಿತ್ತು. ಹಾಗಾಗಿ ತೊಂಬತ್ತಾರರ ಒಂದು ಶನಿವಾರ ಅವನು ಷಾರ್ಲೆಟ್‌ನ ಚರ್ಚೊಂದರ ನೆಲಮಾಳಿಗೆಯಲ್ಲಿ, ಲಾಮಾ ಜಂಪಾ ಅವರ ಪಕ್ಕ ಚಕ್ಕಳಮಕ್ಕಳ ಹಾಕಿ ಕೂತ.

"ಯಾವೂರ್ರೀ ನಿಮ್ದು?" ಎಂದರು ಲಾಮಾ.

ಶೇಷಾದ್ರಿ ಬೆಚ್ಚಿಬಿದ್ದ. ಲಾಮಾ ಮುಂಡಗೋಡದ ಟಿಬೆಟನ್ ಮಠದವರು. ಹುಬ್ಬಳ್ಳಿಯಲ್ಲಿ ಸ್ವೆಟರ್ ಮಾರುವ ತಮ್ಮವರ ಜೊತೆ ಓಡಾಡಿ ಕನ್ನಡ ಕಲಿತಿದ್ದರು. ಇಂಗ್ಲಿಷು 'ಥ್ಯಾಂಕ್ಯೂ'ಗೇ ನಿಂತಿತ್ತು.

"ಮೈಸೂರು, ಸ್ವಾಮೀಜಿ! ಅಯ್ಯೋ, ಬದುಕಿದೆ."

"ಅಂಜಬ್ಯಾಡ್ರಿ. ಟಿಬೇಟಿಗೆ, ಚೀನಾಕ್ಕ, ಎಲ್ಲಾ ಕಡೆ ಧರ್ಮ ಹಿಂಗ ಹೋಗೇತಿ. ಅಡ್ಡಾಡಾಂವ ಒಬ್ಬ ಸನ್ಯಾಸಿ, ಭಾಷಾ ಬಲ್ಲಾಂವ ಇನ್ನೊಬ್ಬ. ಅಮೆರಿಕಾಕ್ಕ ನೀವ ನೋಡ್ರಿ."

ಪ್ರವಚನ ಶುರುವಾಯಿತು. "ಬುದ್ಧ ನಾಕು ಕರೆ ಹೇಳ್ಯಾನ."

ಬುದ್ಧ ಹೇಳಿದ್ದು ನಾಲ್ಕು 'ಕಾಲ್'ಗಳನ್ನು ಎಂದು ಶೇಷಾದ್ರಿ ಇಂಗ್ಲಿಷಿಗಿಳಿಸಿದ. ಸಭೆಯ ಪೆನ್ನುಗಳು ಎದ್ದವು. ಮೊದಲನೇ ಕಾಲ್ ಬರುವುದು ದುಃಖದಿಂದ. ಎರಡನೆಯದು ಆಸೆಯಿಂದ. ಮೂರನೆಯದು ಬಂದರೆ ದುಃಖ ನಿಲ್ಲುತ್ತದೆ, ನಾಲ್ಕನೆಯದು ದಾರಿ ತೋರಿಸುತ್ತದೆ. ವಿಚಿತ್ರವೆಂದರೆ ಎಲ್ಲ ಹೊಂದಿಕೊಂಡು ಹೋಯಿತು. ಕ್ಯಾರಲ್ ಕಣ್ಣೊರೆಸಿಕೊಂಡಳು, ತಾಯಿ ಸಾಯುವ ಮುನ್ನ ಫೋನ್ ಮಾಡಿದಾಗ ಇವಳು ಎತ್ತಿರಲಿಲ್ಲವಂತೆ. ಮುಂದಿನ ಸಾಲಿನಿಂದ ಗ್ರೆಗ್ ಹೆಬ್ಬೆರಳೆತ್ತಿ ಭೇಷ್ ಎಂದ.

ಹಿಂದೆ ಕೂತ ಮುದುಕನೊಬ್ಬ ಕೇಳಿದ: "ಈ ಕಾಲ್ ಮಾಡುವವರು ಯಾರು?"

"ಯಾರು ಕರೆಯೋದು ಅಂತ ಕೇಳ್ತಿದಾರೆ, ಸ್ವಾಮೀಜಿ."

ಲಾಮಾ ಹೊಟ್ಟೆ ಹಿಡಿದು ನಕ್ಕರು. "ಯಾರೂ ಕರಿಯಂಗಿಲ್ರೀ! ಖರೆ ಅಂದ್ರ ಖರೆ. ಸತ್ಯ!"

ಶೇಷಾದ್ರಿಗೆ ಆಗ ಹೊಳೆಯಿತು. ಹುಬ್ಬಳ್ಳಿ ಕಡೆ ಖರೆ ಎಂದರೆ ನಿಜ; ಲಾಮಾ ಹೇಳಿದ್ದು ಬುದ್ಧನ ನಾಲ್ಕು ಆರ್ಯಸತ್ಯ. ಅವನ ಮೈಸೂರು ಕಿವಿ ಇಷ್ಟು ಹೊತ್ತೂ ಅದನ್ನು ಕರೆ ಎಂದೇ ಕೇಳಿತ್ತು. ತಿದ್ದಲೆಂದು ಬಾಯಿ ತೆರೆದ. ಗ್ರೆಗ್‌ನ ಮುಖ ನೋಡಿದ. ಕ್ಯಾರಲ್ ಗಂಡನ ಭುಜಕ್ಕೊರಗಿ ಬಿಕ್ಕುತ್ತಿದ್ದಳು.

"ಯಾರೂ ಕರೆಯುತ್ತಿಲ್ಲವಂತೆ," ಎಂದ ಶೇಷಾದ್ರಿ. "ಆದರೂ ಫೋನ್ ಎತ್ತಬೇಕಂತೆ."

ಸಭಿಕರು ಒಬ್ಬೊಬ್ಬರಾಗಿ ಎದ್ದು, ಹೆಬ್ಬೆರಳು ಕಿವಿಗೆ, ಕಿರುಬೆರಳು ಬಾಯಿಗೆ ಹಿಡಿದು ತಲೆಬಾಗಿದರು. ಇಲ್ಲಿಯ ನಮಸ್ಕಾರ ಹೀಗೇ ಇರಬೇಕೆಂದುಕೊಂಡ ಲಾಮಾ ತಾವೂ ಹಾಗೆಯೇ ಮಾಡಿದರು.

"ಮಂದಿಗೆ ತಿಳೀತೇನ್ರೀ?"

"ಚೆನ್ನಾಗಿ ತಿಳೀತು, ಸ್ವಾಮೀಜಿ."

ಸೋಮವಾರ ಗ್ರೆಗ್ ಸಹಿ ಹಾಕಿದ. ಕ್ರಿಸ್‌ಮಸ್ ಹೊತ್ತಿಗೆ ಕ್ಯಾರಲ್ ಅಟ್ಲಾಂಟಾದಲ್ಲೂ ಎಲಿಕಾಟ್ ಸಿಟಿಯಲ್ಲೂ ಕರೆಗಳನ್ನು ಕಲಿಸಿ ಬಂದಿದ್ದಳು. ಕಳೆದುಹೋದ ಸತ್ಯಗಳು ನಾಲ್ಕಕ್ಕೆ ನಾಲ್ಕು.