ಸುಮ್ಮನಿದ್ದರೆ ಇಲ್ಲ

“ಗಂಡಸರ ಅಂಕಿಗಳನ್ನ ಯಾರೋ ನುಂಗಿದಾರೆ, ಔಲಿಸ್,” ಎನ್ನುತ್ತಾ ಮಿರ್ಯಾ ಬಾಗಿಲು ತಟ್ಟದೆ ಒಳಗೆ ಬಂದಳು.

“ನನ್ನ ಹೊಟ್ಟೆ ನೋಡಿ ಹೇಳ್ತಿದೀಯಾ?” ಔಲಿಸ್ ಏಲಕ್ಕಿ ಬನ್ನನ್ನು ಕಾಫಿಯಲ್ಲಿ ಅದ್ದಿದ. “ಇದು ಬರೀ ಬನ್ನು ಕಣೆ ತಾಯಿ.”

ಮಿರ್ಯಾ ನಗಲಿಲ್ಲ. ಫಿನ್ಲೆಂಡಿನ ತಾಂಪೆರೆ ಊರಿನ ಆ ಸಂಶೋಧನಾ ಸಂಸ್ಥೆಯಲ್ಲಿ ಇಬ್ಬರೂ ಒಟ್ಟಿಗೇ ತಲೆ ನರೆಸಿಕೊಂಡವರು. ಈ ಸಲದ ಸಮೀಕ್ಷೆ ಮಾತ್ರ ಇಬ್ಬರ ನಿದ್ದೆಯನ್ನೂ ಕೆಡಿಸಿತ್ತು. ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯ ಅನುಭವಿಸಿದವರು ದೇಶದಲ್ಲಿ ಎಷ್ಟು ಜನ, ಯಾವ ವಯಸ್ಸಿನಲ್ಲಿ, ಹುಡುಗಿಯರೆಷ್ಟು, ಹುಡುಗರೆಷ್ಟು ಎಂದು ವಯಸ್ಕರಿಗೆ ಫೋನು ಮಾಡಿ ಕೇಳಬೇಕಿತ್ತು. ಪ್ರಶ್ನೆಗಳು ಮಿರ್ಯಾಳವು. ಉತ್ತರಗಳನ್ನು ಎಣಿಸುವ ಕ್ರಮ ಔಲಿಸ್‌ನದು.

ಹೆಂಗಸರ ಲೆಕ್ಕ ಎದೆ ಝಲ್ಲೆನ್ನುವಷ್ಟು ಬಂತು. ಗಂಡಸರದು ಬಂತೆಂದು ಹೇಳಲೂ ನಾಚಿಕೆಯಾಗುವಷ್ಟು ಕಡಿಮೆ. ಹಾಗಾಗಿ ಮಧ್ಯಾಹ್ನದ ಸಭೆಯಲ್ಲಿ ಔಲಿಸ್ ಒಂದು ಶಿಫಾರಸು ಮಾಡಲಿದ್ದ. ಮುಂದಿನ ಸುತ್ತಿನಿಂದ ಗಂಡಸರನ್ನು ಕೇಳುವುದೇ ಬೇಡ. ಅದು ಒಪ್ಪಿಗೆಯಾದರೆ ಹುಡುಗರಿಗಾಗಿ ತೆರೆಯಬೇಕಿದ್ದ ನೆರವು ಕೇಂದ್ರದ ಕಥೆಯೂ ಅಲ್ಲಿಗೇ ಮುಗಿಯುತ್ತಿತ್ತು.

“ಸತ್ಯ ಹೇಳು. ನೀನೇನಾದ್ರೂ ತಿದ್ದಿದೀಯಾ?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಳ್ಳೋನಲ್ಲ ನಾನು. ತಿದ್ದೋದಕ್ಕೂ ಚುರುಕು ಬೇಕಲ್ಲ? ನಾನು ಬೂಟಿನ ಲೇಸು ಕಟ್ಟೋಷ್ಟರಲ್ಲೇ ಬೆಳಗು ಮುಗಿದಿರುತ್ತೆ.”

ಬೇರೆಯವರು ಆಡಿಕೊಳ್ಳುವ ಮೊದಲೇ ತನ್ನನ್ನು ತಾನು ಆಡಿಕೊಳ್ಳುವುದು ಔಲಿಸ್‌ನ ಹುಟ್ಟುಗುಣವೆಂದೇ ಎಲ್ಲರೂ ತಿಳಿದಿದ್ದರು. ಬೇಸಿಗೆಯ ಕೂಟದಲ್ಲಿ ಇಡೀ ಸಂಸ್ಥೆ ಬಟ್ಟೆ ಕಳಚಿಟ್ಟು ಸೌನಾದ ಬಿಸಿ ಉಗಿಕೋಣೆಯಲ್ಲಿ ಬೆವರುತ್ತಿದ್ದರೆ ಅವನೊಬ್ಬ ಹೊರಗೆ ಸಾಸೇಜು ಸುಡುತ್ತಿದ್ದ. ಈ ಮೈಯನ್ನು ನೋಡುವಂಥ ಪಾಪ ನೀವೇನು ಮಾಡಿದ್ದೀರಿ ಎನ್ನುತ್ತಿದ್ದ. ಜನ ಹೊಟ್ಟೆ ಹಿಡಿದು ನಗುತ್ತಿದ್ದರು. ಅಂಥವನನ್ನು ಯಾರು ತಾನೇ ಅನುಮಾನಿಸುತ್ತಾರೆ?

ಮಿರ್ಯಾ ಫೋನನ್ನು ಮೇಜಿನ ಮೇಲಿಟ್ಟಳು. “ಕರೆಗಳ ಧ್ವನಿಮುದ್ರಣ ಕೇಳಿದೀಯಾ? ಒಂದಾದ್ರೂ?”

“ನನ್ನ ಹೆಂಡತಿ ಮಾತೇ ಪೂರ್ತಿ ಕೇಳಲ್ಲ ನಾನು.”

ಮಿರ್ಯಾ ಒಂದು ಕರೆಯ ಧ್ವನಿಮುದ್ರಣ ಹಾಕಿದಳು. ಪ್ರಶ್ನೆ ಕೇಳುವ ಹುಡುಗಿಯ ಮೆದು ದನಿ. ಆಮೇಲೆ ಏನೂ ಇಲ್ಲ. ಯಾರೋ ಗಂಡಸು ಉಸಿರಾಡುತ್ತಿದ್ದ, ಅಷ್ಟೇ. ಹುಡುಗಿ ಮುಂದಿನ ಪ್ರಶ್ನೆಗೆ ಹೋದಳು. ಇನ್ನೊಂದು ಕರೆ, ಇನ್ನೊಬ್ಬ ಗಂಡಸು, ಮತ್ತೆ ಅದೇ ಉಸಿರು. ಮೂರನೆಯದಕ್ಕೆ ಔಲಿಸ್ ಎದ್ದು ಹೋಗಿ ಕಿಟಕಿ ತೆರೆದ. ಸೆಖೆ ಎಂದ. ಹೊರಗೆ ಹಿಮ ಬೀಳುತ್ತಿತ್ತು.

“ಇವರೆಲ್ಲ ಏನಂತ ದಾಖಲಾಗಿದಾರೆ ಗೊತ್ತಾ? ‘ಇಲ್ಲ’ ಅಂತ. ನಿನ್ನ ನಿಯಮ, ಮಾರಾಯ.”

ನಿಯಮ ಅವನದೇ. ಸ್ವಲ್ಪ ಹೊತ್ತು ಉತ್ತರ ಬಾರದಿದ್ದರೆ ಯಂತ್ರ ತಾನಾಗಿ ‘ಇಲ್ಲ’ ಎಂದು ಬರೆದುಕೊಳ್ಳುತ್ತದೆ. ಮೌನ ಸಮ್ಮತಿಯ ಲಕ್ಷಣವೆಂದು ಲೋಕವೆಲ್ಲ ಹೇಳಿದರೆ ಔಲಿಸ್ ಅದನ್ನು ನಿರಾಕರಣೆಯ ಲಕ್ಷಣ ಮಾಡಿದ್ದ. ನಮ್ಮ ಗಂಡಸರು ಮದುವೆಯ ದಿನವೂ ಸುಮ್ಮನೇ ಇರುತ್ತಾರೆ, ಒಬ್ಬೊಬ್ಬರಿಗೂ ಕಾಯುತ್ತಾ ಕೂತರೆ ಸಮೀಕ್ಷೆ ನಮ್ಮ ನಿವೃತ್ತಿಗೂ ಮುಗಿಯುವುದಿಲ್ಲ ಎಂದಿದ್ದ. ಸಭೆ ನಕ್ಕಿತ್ತು, ಒಪ್ಪಿತ್ತು. ಬೇರೆ ಯಾವ ದೇಶದಲ್ಲಾದರೂ ಒಬ್ಬರಾದರೂ ಬಾಯಿಬಿಟ್ಟು ಆಕ್ಷೇಪಿಸುತ್ತಿದ್ದರು. ನಾವು ಫಿನ್ನರು ಆಕ್ಷೇಪವನ್ನೂ ಮೌನವಾಗಿಯೇ ಮಾಡುತ್ತೇವೆ.

“ಸುಮ್ಮನಿದ್ರು ಅಂದ್ರೆ ಹೇಳೋಕೇನೂ ಇಲ್ಲ ಅಂತ,” ಎಂದ ಔಲಿಸ್. “ಗಂಡಸರನ್ನ ಕಟ್ಕೊಂಡು ಯಾಕೆ ಒದ್ದಾಡ್ತೀಯಾ? ನಮ್ಮೊಳಗೆ ಸಾಸೇಜು ಬಿಟ್ರೆ ಇನ್ನೇನೂ ಇರಲ್ಲ.”

“ಹಾಗಾದ್ರೆ ನಿನ್ನ ಮೇಲೇ ಪರೀಕ್ಷೆ ಮಾಡ್ತೀನಿ. ನನ್ನ ಪ್ರಶ್ನೆನೇ ಸರಿ ಇಲ್ವೇನೋ ನೋಡೋಣ. ಬೇಗ ಬೇಗ ‘ಇಲ್ಲ’ ಅಂದ್ಬಿಡು. ಮಧ್ಯಾಹ್ನ ನಿನ್ನ ಶಿಫಾರಸಿಗೆ ನಾನು ಅಡ್ಡ ಬರಲ್ಲ.”

“ಅಷ್ಟೇ ತಾನೇ? ಸುಮ್ಮನಿರೋಕೆ ನಾನೇನು ಉಳಿದ ಗಂಡಸರ ಥರಾನಾ?”

ಮಿರ್ಯಾ ಕಂಪ್ಯೂಟರಿನಲ್ಲಿ ಸಮೀಕ್ಷೆಯ ಪರದೆ ತೆರೆದು, ಫೋನಿನಲ್ಲಿ ಪ್ರಶ್ನೆ ಕೇಳುವವರ ದನಿ ತಂದುಕೊಂಡಳು. ಗಂಡೋ ಹೆಣ್ಣೋ ಎಂದಳು. ನೋಡಿದವರು ಗಂಡು ಅಂತಾರೆ ಎಂದ. ಈಗಿನ ವಯಸ್ಸು ಎಂದಳು. ಬನ್ನು ಬಿಡಬೇಕಾದ ವಯಸ್ಸು ಎಂದ. ಮೊದಲ ಬಾರಿಗೆ ಮಿರ್ಯಾಳ ತುಟಿಯಲ್ಲೂ ನಗು ಕಂಡಿತು.

“ನೀವು ಚಿಕ್ಕವರಿದ್ದಾಗ ದೊಡ್ಡವರು ಯಾರಾದರೂ, ನಿಮಗೆ ಬೇಡವಾದ ರೀತಿಯಲ್ಲಿ, ನಿಮ್ಮ ಮೈ ಮುಟ್ಟಿದ್ದುಂಟೆ?”

ಔಲಿಸ್ ಬಾಯಿ ತೆರೆದ. ತಮಾಷೆ ನಾಲಿಗೆಯ ತುದಿಯಲ್ಲೇ ಇದ್ದಂತಿತ್ತು. ಮಿರ್ಯಾ ಅದಕ್ಕಾಗಿ ಕಾದಳು. ಆಮೇಲೆ ಅವನ ಮುಖ ನೋಡಿದಳು, ಕಾಯುವುದನ್ನು ಬಿಟ್ಟಳು. ಅವಳಿಗೆ ಭಯವಾಯಿತು. ಇಷ್ಟು ವರ್ಷ ಪಕ್ಕದಲ್ಲೇ ಕೂತು ನಕ್ಕಿದ್ದೇನಲ್ಲ ಎಂದುಕೊಂಡಳು.

ಪರದೆ ತಾನಾಗಿ ‘ಇಲ್ಲ’ ಎಂದು ಬರೆದುಕೊಂಡಿತು. ‘ಇಲ್ಲ’ ಎಂದವರನ್ನು ಆಗ ನಿಮಗೆಷ್ಟು ವಯಸ್ಸು ಎಂದು ಕೇಳುವ ಅಗತ್ಯವಿಲ್ಲವಾದ್ದರಿಂದ ಆ ಪ್ರಶ್ನೆಯನ್ನು ಹಾರಿಸಿ ಮುಂದಕ್ಕೆ ಹೋಯಿತು. ಮಿರ್ಯಾ ಮುಂದಿನ ಪ್ರಶ್ನೆಯನ್ನು ಓದಲಿಲ್ಲ.

“ಒಂಬತ್ತು,” ಎಂದ ಔಲಿಸ್.